ಟೀಚರ್ ಸಂಬಳ, ಮೌಲ್ಯಮಾಪನ, ಬಿಟ್ಟುಹೋಗುವವರು: ಸರ್ಕಾರಿ ಶಾಲೆಯ ದುಡ್ಡು ಮೊದಲು ಎಲ್ಲಿಗೆ ಹೋಗಬೇಕು?

ಕಪ್ಪುಹಲಗೆ:

ಟೀಚರ್‌ಗಳ ಸಂಬಳ ಜಾಸ್ತಿ ಮಾಡಬೇಕು ಅಂದರೆ ಎಲ್ಲರೂ ಹೌದು ಹೌದು ಅನ್ನುತ್ತಾರೆ. ಯಾರಿಗೆ, ಯಾವಾಗ, ಯಾವ ಲೆಕ್ಕದಲ್ಲಿ ಅಂತ ಕೇಳಿದ ಕೂಡಲೇ ಜಗಳ ಶುರು. ನಾನು ಬಹಳ ವರ್ಷ ಸರ್ಕಾರಿ ಶಾಲೆಯಲ್ಲಿ ಗಣಿತ ಹೇಳಿಕೊಟ್ಟವನು, ಈಗ ಹೊಸ ಟೀಚರ್‌ಗಳ ಜೊತೆ ಕೆಲಸ ಮಾಡುತ್ತೇನೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನೀವು ಬೈಯಬಹುದು.

ಹೊಸಬರ ಮೊದಲ ಮೂರ್ನಾಲ್ಕು ವರ್ಷಕ್ಕೆ ದುಡ್ಡನ್ನೂ ಹಾಕಿ, ಸಮಯವನ್ನೂ ಕೊಡಿ. ಅವರು ಉಳಿದರೆ ಮಿಕ್ಕಿದ್ದೆಲ್ಲ ಸುಲಭ. ಸಂಬಳವನ್ನು ಮಕ್ಕಳ ಅಂಕಕ್ಕೆ ಕಟ್ಟಬೇಡಿ. ಟೀಚರ್ ಪಾಠ ಹೇಗಿದೆ ಅಂತ ನೋಡುವ ಮೌಲ್ಯಮಾಪನವನ್ನು ಆ ವಿಷಯ ಗೊತ್ತಿರುವ ಅನುಭವಿ ಟೀಚರ್ ಕೈಗೆ ಕೊಡಿ.

ಯಾಕೆ ಹೊಸಬರು ಅಂದರೆ, ಲೆಕ್ಕ ನೋಡಿ. ಯುನೆಸ್ಕೋ ಪ್ರಕಾರ ಪ್ರಾಥಮಿಕ ಶಾಲೆ ಕೆಲಸ ಬಿಡುವ ಟೀಚರ್‌ಗಳ ಪ್ರಮಾಣ ಜಗತ್ತಿನಲ್ಲಿ 2015ರಲ್ಲಿ ಶೇ. 4.6 ಇತ್ತು, 2022ಕ್ಕೆ ಶೇ. 9 ದಾಟಿತು. 2030ರೊಳಗೆ ಎಲ್ಲ ಮಕ್ಕಳಿಗೂ ಪ್ರಾಥಮಿಕ, ಪ್ರೌಢ ಶಿಕ್ಷಣ ಸಿಗಬೇಕಾದರೆ ಇನ್ನೂ 4.4 ಕೋಟಿ ಟೀಚರ್ ಬೇಕಂತೆ. ಶೇ. 5, ಶೇ. 10 ಅಂದಾಗ ಅಂಥ ವ್ಯತ್ಯಾಸ ಕಾಣಲ್ಲ, ಅಲ್ವಾ? ಈಗ 100 ಜನ ಹೊಸಬರನ್ನು ಸೇರಿಸಿಕೊಂಡೆವು ಅಂದುಕೊಳ್ಳಿ. ವರ್ಷಕ್ಕೆ ಶೇ. 5 ಬಿಟ್ಟರೆ 5 ವರ್ಷ ಆದಮೇಲೆ 77 ಜನ ಇರುತ್ತಾರೆ. ಶೇ. 10 ಬಿಟ್ಟರೆ 59. ಅಮೆರಿಕದಲ್ಲಿ ಈ ವಿಷಯವನ್ನೇ ದಶಕಗಳಿಂದ ನೋಡುತ್ತಿರುವ ರಿಚರ್ಡ್ ಇಂಗರ್ಸಾಲ್ ಅವರ ಅಂದಾಜಿನಲ್ಲಿ ಅಲ್ಲಿ ಹೊಸಬರಲ್ಲಿ ಸುಮಾರು ಶೇ. 44 ಜನ 5 ವರ್ಷದೊಳಗೆ ಕೆಲಸ ಬಿಡುತ್ತಾರೆ.

ಒಬ್ಬ ಟೀಚರ್ ಕೈ ಪಳಗುವುದು ಆ ವರ್ಷಗಳಲ್ಲೇ. ಪಳಗಿದ ಮೇಲೆ ಅವರು ಹೋದರೆ ಆ ಜಾಗಕ್ಕೆ ಬರುವುದು ಮತ್ತೊಬ್ಬ ಹೊಸಬ. ಅವರೂ ಕಲಿಯುತ್ತಾರೆ, ಅವರೂ ಹೋಗುತ್ತಾರೆ. ಅಷ್ಟೂ ವರ್ಷ ಆ ತರಗತಿಯ ಮಕ್ಕಳಿಗೆ ಸಿಗುವುದು ಕಲಿಯುತ್ತಿರುವ ಟೀಚರ್ ಮಾತ್ರ.

ಲೆಕ್ಕದ ಮನುಷ್ಯ:

ಕಪ್ಪುಹಲಗೆ ಸರ್, ಹೊಸಬರ ವಿಷಯ ಒಪ್ಪುತ್ತೇನೆ. ಆದರೆ ಅಂಕಕ್ಕೆ ಸಂಬಳ ಕಟ್ಟಬೇಡಿ ಅನ್ನುವುದನ್ನು ಅಷ್ಟು ಸಲೀಸಾಗಿ ಬಿಡಲ್ಲ. ಜೀವ ತೇಯ್ದು ಪಾಠ ಮಾಡುವವರಿಗೂ ಸುಮ್ನೆ ಬಂದು ಹೋಗುವವರಿಗೂ ಒಂದೇ ಸಂಬಳ ಅಂದರೆ ಅದು ನ್ಯಾಯವಾ? ಆಂಧ್ರಪ್ರದೇಶದ ಹಳ್ಳಿ ಶಾಲೆಗಳಲ್ಲಿ ಕಾರ್ತಿಕ್ ಮುರಳೀಧರನ್, ವೆಂಕಟೇಶ್ ಸುಂದರರಾಮನ್ ಅನ್ನುವ ಅರ್ಥಶಾಸ್ತ್ರಜ್ಞರು ಇದನ್ನೇ ಪರೀಕ್ಷೆ ಮಾಡಿ ನೋಡಿದರು. ಫಲಿತಾಂಶ 2011ರಲ್ಲಿ ಪ್ರಕಟವಾಯಿತು. ಮಕ್ಕಳ ಅಂಕ ಸುಧಾರಿಸಿದಷ್ಟು ಟೀಚರ್‌ಗೆ ಬೋನಸ್. ಸರಾಸರಿ ನೋಡಿದರೆ ಅದು ವರ್ಷದ ಸಂಬಳದ ಶೇ. 3ರಷ್ಟು, ಜಾಸ್ತಿ ಏನಲ್ಲ. ಎರಡು ವರ್ಷದಲ್ಲಿ ಬೋನಸ್ ಶಾಲೆಗಳ ಮಕ್ಕಳು ಗಣಿತದಲ್ಲೂ ಭಾಷೆಯಲ್ಲೂ ಉಳಿದ ಶಾಲೆಗಳಿಗಿಂತ ಚೆನ್ನಾಗಿ ಮಾಡಿದರು. ಬಾಯಿಪಾಠದ ಪ್ರಶ್ನೆಗಳಲ್ಲಿ ಮಾತ್ರ ಅಲ್ಲ, ಅರ್ಥ ಮಾಡಿಕೊಂಡು ಬರೆಯಬೇಕಾದ ಪ್ರಶ್ನೆಗಳಲ್ಲೂ. ಬೋನಸ್ ಇಲ್ಲದ ವಿಜ್ಞಾನ, ಸಮಾಜದಲ್ಲೂ ಮುಂದೆ ಇದ್ದರು. ಇದಕ್ಕೆ ಏನು ಹೇಳುತ್ತೀರಿ?

ಕಪ್ಪುಹಲಗೆ:

ಅದು ಒಳ್ಳೆಯ ಅಧ್ಯಯನ, ನಾನು ಅಲ್ಲಗಳೆಯಲ್ಲ. ಆದರೆ ಅಲ್ಲಿ ಪರೀಕ್ಷೆ ನಡೆಸಿದ್ದು ಹೊರಗಿನವರು, ಪ್ರಶ್ನೆಪತ್ರಿಕೆಯನ್ನು ತುಂಬ ಯೋಚನೆ ಮಾಡಿ ತಯಾರಿಸಿದ್ದರು. ಇದನ್ನೇ ಇಡೀ ರಾಜ್ಯಕ್ಕೋ ದೇಶಕ್ಕೋ ಹಾಕಿದರೆ ಅದೇ ಕಾಳಜಿ ಉಳಿಯುತ್ತದಾ? ಅಮೆರಿಕದ ನ್ಯಾಶ್‌ವಿಲ್‌ನಲ್ಲಿ 2006ರಿಂದ 2009ರವರೆಗೆ ಮಾಧ್ಯಮಿಕ ಶಾಲೆಯ ಗಣಿತ ಟೀಚರ್‌ಗಳಿಗೆ 15,000 ಡಾಲರ್‌ವರೆಗೆ ಬೋನಸ್ ಇಟ್ಟು ನೋಡಿದರು. ಒಟ್ಟಾರೆ ಮಕ್ಕಳ ಅಂಕದಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಬರಲಿಲ್ಲ. ದುಡ್ಡು ಸಾಕಾಗಲಿಲ್ಲ ಅಂತಲ್ಲ. ಆ ಟೀಚರ್‌ಗಳು ಮೊದಲಿಂದಲೂ ತಮಗೆ ತಿಳಿದ ಮಟ್ಟಿಗೆ ಪ್ರಯತ್ನ ಹಾಕುತ್ತಲೇ ಇದ್ದರು. ಬೇರೆ ಏನು ಮಾಡಬೇಕು ಅಂತ ಬೋನಸ್ ಹೇಳಿಕೊಡಲ್ಲ.

ಇನ್ನೊಂದು ಹಳೇ ಕತೆ ಇದೆ. ಇಂಗ್ಲೆಂಡಿನಲ್ಲಿ 1862ರಲ್ಲಿ ಶಾಲೆಗಳ ಅನುದಾನವನ್ನು ಮಕ್ಕಳ ಹಾಜರಾತಿಗೂ, ಇನ್‌ಸ್ಪೆಕ್ಟರ್ ಎದುರು ಓದು, ಬರಹ, ಲೆಕ್ಕದಲ್ಲಿ ಪಾಸಾಗುವುದಕ್ಕೂ ಕಟ್ಟಿದರು. ಪಾಠ ಆ ಮೂರಕ್ಕೇ ಇಳಿಯಿತು, ಮಕ್ಕಳು ಓದುವ ಪುಸ್ತಕವನ್ನೇ ಬಾಯಿಪಾಠ ಮಾಡಿಬಿಡುತ್ತಿದ್ದರು. ಕವಿ ಮ್ಯಾಥ್ಯೂ ಆರ್ನಾಲ್ಡ್ ಸ್ವತಃ ಶಾಲಾ ಇನ್‌ಸ್ಪೆಕ್ಟರ್ ಆಗಿದ್ದವರು, ಅವರೇ ಇದನ್ನು ಕಟುವಾಗಿ ವಿರೋಧಿಸಿದರು. ಆದರೂ ಅದನ್ನು ಕಳಚಿಹಾಕಲು ಮೂರು ದಶಕಕ್ಕಿಂತ ಜಾಸ್ತಿ ಹಿಡಿಯಿತು.

ಅಮೆರಿಕದ ಅಟ್ಲಾಂಟಾ ನಗರದ ಶಾಲೆಗಳ ಪರೀಕ್ಷಾ ಹಗರಣವೂ ಇದೆ. 2011ರ ತನಿಖೆಯಲ್ಲಿ 44 ಶಾಲೆಗಳ 178 ಟೀಚರ್, ಪ್ರಿನ್ಸಿಪಾಲ್‌ಗಳ ಹೆಸರು ಬಂತು. ಮಕ್ಕಳು ಬರೆದ ತಪ್ಪು ಉತ್ತರ ಅಳಿಸಿ ಸರಿ ಉತ್ತರ ತುಂಬಿದ್ದರು. ಅವರೆಲ್ಲ ಮೊದಲಿಂದಲೇ ಮೋಸಗಾರರು ಅಂತ ನಾನು ನಂಬಲ್ಲ. ಅಂಕ ಬರದಿದ್ದರೆ ಕೆಲಸವೇ ಹೋಗುತ್ತದೆ ಅನ್ನುವ ಭಯ ಜನರಿಂದ ಏನು ಬೇಕಾದರೂ ಮಾಡಿಸುತ್ತದೆ.

ಮೂರನೇ ವರ್ಷ:

ನಾನು ಕೆಲಸಕ್ಕೆ ಸೇರಿ ಇದು ಮೂರನೇ ವರ್ಷ. ಬಿಡೋಣ ಅಂತ ಯೋಚನೆ ಮಾಡುತ್ತಿರುವವರಲ್ಲಿ ನಾನೂ ಒಬ್ಬಳು, ಹಾಗಾಗಿ ನಮ್ಮಂಥವರು ಯಾಕೆ ಹೋಗುತ್ತೇವೆ ಅಂತ ನೇರವಾಗಿ ಹೇಳುತ್ತೇನೆ.

ಸಂಬಳ ಕಡಿಮೆ, ನಿಜ. ನನ್ನ ಜೊತೆ ಡಿಗ್ರಿ ಮುಗಿಸಿದವರ ಸಂಬಳ ನೋಡಿದರೆ ಹೊಟ್ಟೆ ಉರಿಯುತ್ತದೆ. ಆದರೆ ಅದು ಗೊತ್ತಿದ್ದೇ ಬಂದೆ. ಗೊತ್ತಿಲ್ಲದ್ದು ಏನು ಅಂದರೆ, ಸೇರಿದ ಮೊದಲ ದಿನವೇ ಯಾರಿಗೂ ಬೇಡವಾದ ತರಗತಿಯನ್ನು ನನಗೆ ಹಚ್ಚುತ್ತಾರೆ ಅಂತ. ಅತಿ ಹೆಚ್ಚು ಮಕ್ಕಳಿರುವ ವಿಭಾಗ, ಎರಡು ಕ್ಲಾಸ್ ಹಿಂದೆ ಉಳಿದ ಮಕ್ಕಳು, ಮೇಲೆ ನಾನು ಓದದೇ ಇರುವ ಇನ್ನೊಂದು ವಿಷಯದ ಪೀರಿಯಡ್‌ಗಳು. ಹಿರಿಯರಿಗೆ ಒಳ್ಳೆ ತರಗತಿ, ಹೊಸಬರಿಗೆ ಉಳಿದದ್ದು. ಯಾರೂ ಕೆಟ್ಟವರಲ್ಲ, ಮೊದಲಿಂದ ಹಾಗೇ ನಡೆದುಕೊಂಡು ಬಂದಿದೆ ಅಷ್ಟೇ.

ಮೌಲ್ಯಮಾಪನದ ಬಗ್ಗೆಯೂ ಹೇಳುತ್ತೇನೆ. ಒಬ್ಬರು ಬಂದರು, ಕೊನೇ ಬೆಂಚಲ್ಲಿ ಕೂತರು. ಪಾಠದ ಟಿಪ್ಪಣಿ ಇದೆಯಾ, ಗೋಡೆ ಮೇಲೆ ಚಾರ್ಟ್ ಇದೆಯಾ, ಹಾಜರಾತಿ ಪುಸ್ತಕ ಸರಿ ಇದೆಯಾ ಅಂತ ಟಿಕ್ ಹಾಕಿದರು. ಪೀರಿಯಡ್ ಮುಗಿಯುವ ಮುಂಚೆ ಎದ್ದು ಹೋದರು. ಆವತ್ತು ಆ ಮಕ್ಕಳಿಗೆ ಭಿನ್ನರಾಶಿ ಅರ್ಥವಾಗಲೇ ಇಲ್ಲ, ಅದು ನನಗೆ ಗೊತ್ತಿತ್ತು, ಯಾರಾದರೂ ಅದರ ಬಗ್ಗೆ ಎರಡು ಮಾತು ಹೇಳಲಿ ಅಂತ ಕಾಯುತ್ತಿದ್ದೆ. ನನಗೆ "ಉತ್ತಮ" ಅಂತ ಷರಾ ಬಂತು. ಅದನ್ನು ಇಟ್ಟುಕೊಂಡು ನಾನು ಏನು ಮಾಡಲಿ?

ಇಬ್ಬರು ಮಕ್ಕಳ ತಾಯಿ:

ಮೂರನೇ ವರ್ಷ ಅವರೇ, ನಿಮ್ಮ ಮಾತು ಓದಿ ಸಂಕಟವಾಯಿತು. ದಯವಿಟ್ಟು ಬಿಡಬೇಡಿ ಅಂತ ಹೇಳುವ ಹಕ್ಕು ನನಗಿಲ್ಲ, ಆದರೆ ನಿಮ್ಮಂಥವರು ಹೋದಾಗ ಮನೆಯಲ್ಲಿ ಏನಾಗುತ್ತದೆ ಅಂತ ಗೊತ್ತಿರಲಿ. ನನ್ನ ಮಗಳಿಗೆ ಇಷ್ಟವಾದ ಟೀಚರ್ ವರ್ಷದ ಮಧ್ಯೆ ಹೋದರು. ಬಂದವರಿಗೆ ಅವಳ ಹೆಸರು ಬಾಯಿಗೆ ಬರುವಷ್ಟರಲ್ಲಿ ವರ್ಷ ಮುಗಿದಿತ್ತು.

ಆದರೆ ಪೋಷಕರ ಕಡೆಯಿಂದಲೂ ಒಂದು ಮಾತಿದೆ. ಪಾಠ ಮಾಡದವರು, ಮಕ್ಕಳನ್ನು ಹೀಯಾಳಿಸುವವರು ಇದ್ದೇ ಇದ್ದಾರೆ, ಇಡೀ ಶಾಲೆಗೆ ಅವರು ಯಾರು ಅಂತ ಗೊತ್ತು. ಅವರಿಗೂ ಇನ್‌ಕ್ರಿಮೆಂಟ್ ಬರುತ್ತದೆ. ಸಹಾಯ ಮಾಡಿ, ಬೆಂಬಲ ಕೊಡಿ ಅಂತ ಎಲ್ಲ ಹೇಳುತ್ತೀರಿ. ಸಹಾಯ ಮಾಡಿದರೂ ಬದಲಾಗದವರನ್ನು ಯಾರು ಕಳಿಸುತ್ತಾರೆ? ಆ ತರಗತಿಯ ಮಗುವಿಗೆ ಆ ವರ್ಷ ಮತ್ತೆ ಸಿಗುವುದಿಲ್ಲ.

ನಿವೃತ್ತ ಹೆಡ್‌ಮೇಷ್ಟ್ರು:

ತಾಯಿ, ನಿಮ್ಮ ಪ್ರಶ್ನೆ ಸರಿಯಾಗಿದೆ, ಅದನ್ನು ತಪ್ಪಿಸಿಕೊಂಡು ಹೋಗುವವರೇ ಜಾಸ್ತಿ. ಒಂದು ದಾರಿ ಇದೆ. ಅಮೆರಿಕದ ಟೊಲೆಡೊ ಅನ್ನುವ ಊರಲ್ಲಿ 1981ರಿಂದ ನಡೆದುಬಂದದ್ದು, ಅದಕ್ಕಾಗಿ ಪಟ್ಟು ಹಿಡಿದದ್ದು ಟೀಚರ್‌ಗಳ ಸಂಘವೇ ಅನ್ನುವುದು ಮುಖ್ಯ. ಒಳ್ಳೆ ಹೆಸರಿರುವ ಟೀಚರ್‌ಗಳನ್ನು ಕೆಲವು ವರ್ಷ ತರಗತಿಯಿಂದ ಬಿಡಿಸಿ, ಹೊಸಬರ ಜೊತೆ ಮತ್ತು ತೀರಾ ಹಿಂದೆ ಬಿದ್ದ ಹಳಬರ ಜೊತೆ ಇರಲು ಬಿಡುತ್ತಾರೆ. ಅವರು ಮತ್ತೆ ಮತ್ತೆ ತರಗತಿಗೆ ಹೋಗಿ ನೋಡುತ್ತಾರೆ, ಹೇಳಿಕೊಡುತ್ತಾರೆ. ಕೊನೆಗೆ ಸಂಘದವರೂ ಆಡಳಿತದವರೂ ಸೇರಿದ ಸಮಿತಿ ಮುಂದೆ ಇವರು ಮುಂದುವರಿಯಬಹುದಾ ಬೇಡವಾ ಅಂತ ವರದಿ ಕೊಡುತ್ತಾರೆ. ಜೊತೆಯವರೇ ನೋಡಿ "ಬೇಡ" ಅಂದಾಗ ದ್ವೇಷ ಸಾಧಿಸಿದರು ಅನ್ನುವ ಮಾತು ನಿಲ್ಲುವುದಿಲ್ಲ.

ಸಿನ್ಸಿನಾಟಿಯಲ್ಲೂ ಇಂಥದ್ದೇ ವ್ಯವಸ್ಥೆ ಇತ್ತು. ವರ್ಷದಲ್ಲಿ ನಾಲ್ಕು ಸಲ ತರಗತಿ ನೋಡುವುದು, ಹೆಚ್ಚಿನವು ಬೇರೆ ಶಾಲೆಯ ಅನುಭವಿ ಟೀಚರ್ ಬಂದು ನೋಡುವಂಥವು. ಎರಿಕ್ ಟೇಲರ್, ಜಾನ್ ಟೈಲರ್ ಅನ್ನುವ ಇಬ್ಬರು ಇದನ್ನು ಅಧ್ಯಯನ ಮಾಡಿ 2012ರಲ್ಲಿ ಬರೆದರು. ಕೆಲಸದಲ್ಲಿ ಹಲವು ವರ್ಷ ಕಳೆದ ಟೀಚರ್‌ಗಳೂ ಸುಧಾರಿಸಿದ್ದರು. ಮೌಲ್ಯಮಾಪನದ ವರ್ಷ ಮುಗಿದ ಮೇಲೂ ಅವರ ಮಕ್ಕಳ ಗಣಿತದ ಅಂಕ ಮೊದಲಿಗಿಂತ ಮೇಲೆಯೇ ಇತ್ತು.

ಮೂರನೇ ವರ್ಷ ಮೇಡಂಗೆ: ಕೊನೇ ಬೆಂಚಲ್ಲಿ ಕೂತವರು ಏನು ಮಾಡಬೇಕಿತ್ತು ಅಂತ ಹೇಳುತ್ತೇನೆ. ನಾನು ತರಗತಿ ನೋಡಲು ಹೋದರೆ ಬರೀ ಒಂದು ಬಿಳಿ ಹಾಳೆ ಒಯ್ಯುತ್ತಿದ್ದೆ. ಮಕ್ಕಳು ಕೂತ ಹಾಗೇ ಹಾಳೆಯಲ್ಲಿ ಚೌಕ ಹಾಕಿಕೊಳ್ಳುವುದು. ಟೀಚರ್ ಯಾರಿಗೆ ಪ್ರಶ್ನೆ ಕೇಳಿದರೋ ಆ ಚೌಕದಲ್ಲಿ ಒಂದು ಗೀಟು. ಉತ್ತರ ಬರದಿದ್ದಾಗ ಸ್ವಲ್ಪ ಕಾದು ಅವರನ್ನೇ ಮತ್ತೆ ಕೇಳಿದರೆ ಗೀಟಿನ ಸುತ್ತ ಸೊನ್ನೆ. ಪೀರಿಯಡ್ ಮುಗಿದಾಗ ಮುಂದಿನ ಎರಡು ಸಾಲು ಗೀಟುಗಳಿಂದ ತುಂಬಿರುತ್ತದೆ, ಕಿಟಕಿ ಪಕ್ಕದ ಮೂಲೆ ಖಾಲಿ. ಆ ಹಾಳೆಯನ್ನು ಟೀಚರ್ ಮುಂದೆ ಇಟ್ಟರೆ ಸಾಕು, ನಾನು ಬಾಯಿ ಬಿಡಬೇಕಾಗಿರಲಿಲ್ಲ. ಮರುದಿನದಿಂದಲೇ ಅವರು ಆ ಮೂಲೆ ಕಡೆ ನಡೆಯುತ್ತಿದ್ದರು.

ಇನ್ನು ಭಿನ್ನರಾಶಿ. ಮಗು 1/2 + 1/3 = 2/5 ಅಂತ ಬರೆದಿರುತ್ತದೆ. ತಪ್ಪು ಅಂತ ಕೆಂಪು ಗೀಟು ಎಳೆದರೆ ಅದು ಒಂದು ಬಗೆ. "ಅರ್ಧ ಇತ್ತು, ಅದಕ್ಕೆ ಇನ್ನಷ್ಟು ಸೇರಿಸಿದ್ದೀಯ, 2/5 ಅರ್ಧಕ್ಕಿಂತ ದೊಡ್ಡದೋ ಚಿಕ್ಕದೋ?" ಅಂತ ಕೇಳಿದರೆ ಮಗು ತಾನೇ ನಿಂತು ಯೋಚಿಸುತ್ತದೆ. ಈ ಪ್ರಶ್ನೆಯ ಬೆಲೆ ಗೊತ್ತಾಗಬೇಕಾದರೆ ನೋಡುವವರಿಗೆ ಗಣಿತ ಹೇಳಿಕೊಟ್ಟು ಗೊತ್ತಿರಬೇಕು. ಟಿಕ್ ಹಾಕುವ ಫಾರ್ಮ್‌ನಲ್ಲಿ ಇದಕ್ಕೆ ಕಾಲಂ ಇಲ್ಲ.

ಸಂಖ್ಯಾಶಾಸ್ತ್ರ ಓದಿದವಳು:

ಅಂಕದ ಆಧಾರದ ಮೌಲ್ಯಮಾಪನದ ಬಗ್ಗೆ ನನ್ನದೂ ಎರಡು ಮಾತು. ಮಗುವಿನ ಹಿಂದಿನ ಅಂಕಗಳನ್ನು ನೋಡಿ ಈ ವರ್ಷ ಇಷ್ಟು ಬರಬೇಕು ಅಂತ ಅಂದಾಜು ಮಾಡಿ, ಬಂದದ್ದು ಅದಕ್ಕಿಂತ ಹೆಚ್ಚಾದರೆ ಅದು ಟೀಚರ್ ಕೊಡುಗೆ ಅನ್ನುವ ಮಾದರಿಗಳಿವೆ. ಸಾವಿರಾರು ಟೀಚರ್‌ಗಳನ್ನು ಒಟ್ಟಿಗೆ ನೋಡುವ ಸಂಶೋಧನೆಗೆ ಅವು ಉಪಯೋಗ. ಒಬ್ಬ ಟೀಚರ್‌ನ ಒಂದು ವರ್ಷಕ್ಕೆ ತೀರ್ಪು ಕೊಡಲು ಆಗಲ್ಲ. 25 ಮಕ್ಕಳ ತರಗತಿಯಲ್ಲಿ ಇಬ್ಬರು ಪರೀಕ್ಷೆ ದಿನ ಜ್ವರದಲ್ಲಿ ಬಂದು 60 ತೆಗೆಯುವಲ್ಲಿ 35 ತೆಗೆದರೆ ತರಗತಿಯ ಸರಾಸರಿಯೇ 2 ಅಂಕ ಕುಸಿಯುತ್ತದೆ. ಅಷ್ಟರಿಂದಲೇ ಒಬ್ಬರು "ಒಳ್ಳೆಯವರು" ಪಟ್ಟಿಯಿಂದ ಕೆಳಗಿಳಿಯಬಹುದು.

ಅಮೆರಿಕದ ಸಂಖ್ಯಾಶಾಸ್ತ್ರಜ್ಞರ ಸಂಘ 2014ರಲ್ಲಿ ಇದರ ಬಗ್ಗೆ ಹೇಳಿಕೆಯನ್ನೇ ಹೊರಡಿಸಿತು. ಮಕ್ಕಳ ಅಂಕದಲ್ಲಿ ಕಾಣುವ ಏರುಪೇರಿನಲ್ಲಿ ಟೀಚರ್ ಪಾಲು ಶೇ. 1ರಿಂದ 14 ಅಂತ ಹೆಚ್ಚಿನ ಅಧ್ಯಯನಗಳು ತೋರಿಸುತ್ತವೆ ಅಂದಿತು. ಟೀಚರ್ ಮುಖ್ಯ ಅಲ್ಲ ಅಂತ ಇದರ ಅರ್ಥ ಖಂಡಿತ ಅಲ್ಲ. ಮನೆ, ಹಿಂದಿನ ಕಲಿಕೆ, ಶಾಲೆ ಎಲ್ಲ ಸೇರಿರುವಾಗ ಒಬ್ಬರ ಪಾಲನ್ನು ಬೇರೆ ಮಾಡಿ ತೂಗುವುದು ಅಷ್ಟು ಕಷ್ಟ. ಅಲ್ಲಿನ ಹ್ಯೂಸ್ಟನ್ ನಗರದ ಟೀಚರ್‌ಗಳು ಇಂಥ ಲೆಕ್ಕದ ವಿರುದ್ಧ ಕೋರ್ಟಿಗೇ ಹೋದರು. ಲೆಕ್ಕ ಹಾಕುವ ಸೂತ್ರ ಒಂದು ಖಾಸಗಿ ಕಂಪನಿಯ ಗುಟ್ಟು, ತಮ್ಮ ಅಂಕ ಹೇಗೆ ಬಂತು ಅಂತ ಟೀಚರ್ ಪರೀಕ್ಷಿಸಿ ನೋಡುವ ಹಾಗೇ ಇರಲಿಲ್ಲ. ಅವರ ವಾದದಲ್ಲಿ ಹುರುಳಿದೆ ಅಂತ 2017ರಲ್ಲಿ ನ್ಯಾಯಾಧೀಶರು ಹೇಳಿದ ಮೇಲೆ ಪ್ರಕರಣ ರಾಜಿಯಲ್ಲಿ ಮುಗಿಯಿತು. ತನ್ನ ಕೆಲಸ ಕಳೆಯಬಹುದಾದ ಲೆಕ್ಕವನ್ನು ತಾನೇ ಮಾಡಿ ನೋಡಲು ಆಗದಿದ್ದರೆ ಆ ವ್ಯವಸ್ಥೆ ಸರಿಯಿಲ್ಲ.

ಲೆಕ್ಕದ ಮನುಷ್ಯ:

ಸರಿ, ಬರೀ ಅಂಕದ ಮೇಲೆ ಬೇಡ, ಒಪ್ಪಿದೆ. ಆದರೆ ವಾಷಿಂಗ್ಟನ್ ನಗರದ್ದನ್ನು ಯಾಕೆ ಯಾರೂ ಹೇಳಲಿಲ್ಲ? 2009ರಲ್ಲಿ ಶುರುವಾದ ಪದ್ಧತಿ. ಶಾಲೆಯ ಮುಖ್ಯಸ್ಥರೂ, ಹೊರಗಿನಿಂದ ಬರುವ ವಿಷಯ ಪರಿಣತರೂ ವರ್ಷಕ್ಕೆ ಹಲವು ಸಲ ತರಗತಿ ನೋಡುತ್ತಿದ್ದರು, ಕೆಲವರಿಗೆ ಮಕ್ಕಳ ಅಂಕವೂ ಸೇರುತ್ತಿತ್ತು. ಚೆನ್ನಾಗಿ ಮಾಡಿದವರಿಗೆ ದೊಡ್ಡ ಬೋನಸ್, ಗೆರೆಯ ಕೆಳಗೆ ಬಿದ್ದವರಿಗೆ ಸುಧಾರಿಸದಿದ್ದರೆ ಕೆಲಸ ಹೋಗುವ ಎಚ್ಚರಿಕೆ. ಗೆರೆಯ ಸ್ವಲ್ಪ ಕೆಳಗಿದ್ದವರಲ್ಲಿ ತಾವಾಗೇ ಬಿಟ್ಟುಹೋದವರು ಜಾಸ್ತಿಯಾದರು, ಉಳಿದವರು ಸುಧಾರಿಸಿದರು. ಆ ತಾಯಿ ಕೇಳಿದ ಪ್ರಶ್ನೆಗೆ ಇದೂ ಒಂದು ಉತ್ತರ.

ಇನ್ನು ದುಡ್ಡು. ಎಲ್ಲರಿಗೂ ಸಂಬಳ ಏರಿಸಿಬಿಡಿ ಅನ್ನುವವರು ಇಂಡೋನೇಷ್ಯಾ ಕಡೆ ನೋಡಲೇಬೇಕು. ಅಲ್ಲಿ 2005ರ ಕಾನೂನಿನ ಪ್ರಕಾರ ಪ್ರಮಾಣಪತ್ರ ಪಡೆದ ಟೀಚರ್‌ಗೆ ಮೂಲ ವೇತನದಷ್ಟೇ ಭತ್ಯೆ ಸೇರಿತು, ಅಂದರೆ ಮೂಲ ಸಂಬಳವೇ ಎರಡು ಪಟ್ಟು. ಕೆಲವು ಶಾಲೆಗಳಿಗೆ ಅದನ್ನು ಬೇಗ ಕೊಟ್ಟು, ಉಳಿದ ಶಾಲೆಗಳ ಜೊತೆ ಹೋಲಿಸಿ ನೋಡಿದರು. ಟೀಚರ್‌ಗಳಿಗೆ ಸಮಾಧಾನವಾಯಿತು, ಸಂಜೆ ಬೇರೆ ಕೆಲಸಕ್ಕೆ ಹೋಗುವುದು ಕಮ್ಮಿಯಾಯಿತು. ಎರಡು, ಮೂರು ವರ್ಷ ಆದರೂ ಮಕ್ಕಳ ಕಲಿಕೆ ಮಾತ್ರ ಇದ್ದಲ್ಲೇ ಇತ್ತು.

ಗುತ್ತಿಗೆ ಟೀಚರ್:

ಇಂಡೋನೇಷ್ಯಾ ಉದಾಹರಣೆ ಕೊಟ್ಟು ಸಂಬಳ ಏರಿಸುವುದೇ ದಂಡ ಅಂತ ದಯವಿಟ್ಟು ಮುಗಿಸಬೇಡಿ. ಎರಡನೇ ಕೆಲಸ ಬಿಡುವ ಹಾಗಾಯಿತು, ಸಾಲದ ಚಿಂತೆ ಇಳಿಯಿತು ಅಂದರೆ ಅದು ಸಣ್ಣ ವಿಷಯವಾ? ಅವರೂ ಮನುಷ್ಯರು. ಅದೇ ಶಾಲೆ, ಅದೇ ಮಕ್ಕಳು, ಅದೇ ಪಾಠ. ಪಕ್ಕದ ಕೋಣೆಯವರಿಗೆ ಪೂರ್ತಿ ಸಂಬಳ, ನನಗೆ ಅದರ ಒಂದು ತುಂಡು, ಅದೂ ರಜೆ ತಿಂಗಳಲ್ಲಿ ಇಲ್ಲ. ಮುಂದಿನ ವರ್ಷ ಇರುತ್ತೇನಾ ಅಂತ ಗೊತ್ತಿಲ್ಲದವಳಿಗೆ ಯಾರು ತರಬೇತಿ ಕೊಡುತ್ತಾರೆ, ಯಾರು ತರಗತಿ ನೋಡುತ್ತಾರೆ? ಮೌಲ್ಯಮಾಪನದ ಪಟ್ಟಿಯಲ್ಲೇ ನನ್ನ ಹೆಸರಿಲ್ಲ. ಟೀಚರ್‌ಗಳನ್ನು ಉಳಿಸಿಕೊಳ್ಳುವ ಮಾತು ಆಡುವಾಗ ನಮ್ಮಂಥವರನ್ನು ಮೊದಲು ಎಣಿಕೆಗೆ ತೆಗೆದುಕೊಳ್ಳಿ.

ಕಪ್ಪುಹಲಗೆ:

ಮೇಡಂ, ನೀವು ಹೇಳಿದ್ದು ಎಲ್ಲಕ್ಕಿಂತ ಮೊದಲು ಬರಬೇಕು. ಕಾಯಂ ಕೆಲಸ ಇಲ್ಲದೆ ಮಿಕ್ಕ ಯಾವ ಸುಧಾರಣೆಯೂ ನಿಮ್ಮ ತನಕ ಬರುವುದೇ ಇಲ್ಲ.

ಲೆಕ್ಕದ ಮನುಷ್ಯರೇ, ಇಂಡೋನೇಷ್ಯಾದಲ್ಲಿ ನೋಡಿದ್ದು ಆಗಲೇ ಕೆಲಸದಲ್ಲಿ ಇರುವವರನ್ನು. ಸಂಬಳ ಚೆನ್ನಾಗಿದ್ದರೆ ಮುಂದೆ ಯಾರು ಟೀಚರ್ ಆಗಲು ಬರುತ್ತಾರೆ ಅನ್ನುವುದು ಎರಡು ಮೂರು ವರ್ಷದಲ್ಲಿ ಕಾಣಲ್ಲ. ಅದಕ್ಕೇ ನಾನು ಹೇಳುವುದು, ಆರಂಭದ ಸಂಬಳ ಏರಿಸಿ ಅಂತ. ಬಹಳ ಕಡೆ ಸಂಬಳದ ಏಣಿ ಹೇಗಿದೆ ಅಂದರೆ ಕೆಳಗಿನ ಮೆಟ್ಟಿಲುಗಳು ತೀರಾ ತಗ್ಗು, ದೊಡ್ಡ ಮೊತ್ತವೆಲ್ಲ ಕೊನೇ ಹತ್ತು ವರ್ಷದಲ್ಲಿ ಮತ್ತು ಪಿಂಚಣಿಯಲ್ಲಿ. 25ನೇ ವರ್ಷದಲ್ಲಿ ಇರುವವರು ಹೇಗೂ ಬಿಡಲ್ಲ. ಬಿಡುವವರು ಕೆಳಗಿನ ಮೆಟ್ಟಿಲಲ್ಲಿ ಇರುವವರು. ಹಳಬರದ್ದು ಕಿತ್ತುಕೊಳ್ಳಿ ಅಂತ ನಾನು ಹೇಳುತ್ತಿಲ್ಲ. ಮುಂದಿನ ಏರಿಕೆಯ ದೊಡ್ಡ ಪಾಲು ಕೆಳಗಿನ ಮೆಟ್ಟಿಲಿಗೆ ಹೋಗಲಿ.

ಕಷ್ಟದ ಜಾಗಕ್ಕೆ ಜಾಸ್ತಿ ಕೊಡುವುದಕ್ಕೂ ಪುರಾವೆ ಇದೆ. ಅಮೆರಿಕದ ನಾರ್ತ್ ಕೆರೊಲಿನಾ ರಾಜ್ಯದಲ್ಲಿ 2001ರಿಂದ, ಬಡ ಮಕ್ಕಳು ಹೆಚ್ಚಿರುವ ಅಥವಾ ತೀರಾ ಹಿಂದುಳಿದ ಪ್ರೌಢಶಾಲೆಗಳ ಗಣಿತ, ವಿಜ್ಞಾನ, ವಿಶೇಷ ಶಿಕ್ಷಣದ ಟೀಚರ್‌ಗಳಿಗೆ ವರ್ಷಕ್ಕೆ 1,800 ಡಾಲರ್ ಹೆಚ್ಚಿಗೆ ಕೊಟ್ಟರು. ಬಿಟ್ಟುಹೋಗುವುದು ಸುಮಾರು ಶೇ. 17ರಷ್ಟು ಇಳಿಯಿತು. ಆದರೆ ಮೂರೇ ವರ್ಷಕ್ಕೆ ಆ ಯೋಜನೆ ನಿಂತಿತು. ಹೀಗೆ ಇವತ್ತು ಕೊಟ್ಟು ನಾಳೆ ನಿಲ್ಲಿಸುವುದನ್ನು ಟೀಚರ್‌ಗಳು ಚೆನ್ನಾಗಿ ನೆನಪಿಟ್ಟುಕೊಳ್ಳುತ್ತಾರೆ. ಅಮೆರಿಕದ್ದೇ ಇನ್ನೊಂದು ಯೋಜನೆಯಲ್ಲಿ ಒಳ್ಳೆ ಟೀಚರ್‌ಗಳಿಗೆ ಎರಡು ವರ್ಷಕ್ಕೆ 20,000 ಡಾಲರ್ ಕೊಟ್ಟು ಹಿಂದುಳಿದ ಶಾಲೆಗಳಿಗೆ ಕಳಿಸಿದರು. ದುಡ್ಡು ಬರುವ ತನಕ ಬಹುತೇಕ ಎಲ್ಲರೂ ಇದ್ದರು. ದುಡ್ಡು ನಿಂತ ಮೇಲೆ ಬಿಟ್ಟುಹೋಗುವುದರಲ್ಲಿ ಬೇರೆ ಟೀಚರ್‌ಗಳಿಗೂ ಅವರಿಗೂ ವ್ಯತ್ಯಾಸವೇ ಇರಲಿಲ್ಲ.

ವಾಷಿಂಗ್ಟನ್ ಬಗ್ಗೆ: ಅಲ್ಲಿ ತರಗತಿಗೆ ಬಂದವರಲ್ಲಿ ವಿಷಯ ಪರಿಣತರೂ ಇದ್ದರು, ಮತ್ತೆ ಮತ್ತೆ ಬಂದರು, ನೋಡಿ ಹೇಳಿದರು. ಆ ಭಾಗಕ್ಕೆ ನನ್ನ ಪೂರ್ತಿ ಒಪ್ಪಿಗೆ ಇದೆ. ಅದಕ್ಕೆ ಬೇಕಾದ ಜನ, ಸಮಯ ಕೊಡದೆ ಬೋನಸ್ ಮತ್ತು ಎಚ್ಚರಿಕೆ ಎರಡನ್ನೇ ಎತ್ತಿಕೊಂಡು ಹೋಗಬೇಡಿ ಅನ್ನುವುದಷ್ಟೇ ನನ್ನ ತಕರಾರು.

ಸಂಖ್ಯಾಶಾಸ್ತ್ರ ಓದಿದವಳು:

ಬಡ್ತಿ ಬಗ್ಗೆ ಯಾರೂ ಮಾತಾಡಲಿಲ್ಲ. ಹೆಚ್ಚಿನ ಕಡೆ ಟೀಚರ್‌ಗೆ ಬಡ್ತಿ ಅಂದರೆ ತರಗತಿಯಿಂದ ಹೊರಗೆ ಹೋಗುವುದು: ಹೆಡ್, ಆಮೇಲೆ ಆಫೀಸು. ತುಂಬ ಚೆನ್ನಾಗಿ ಪಾಠ ಮಾಡುವವರನ್ನೇ ಪಾಠದಿಂದ ಬಿಡಿಸುತ್ತೇವೆ. ಸಿಂಗಪುರದಲ್ಲಿ ಮೂರು ದಾರಿ ಇಟ್ಟಿದ್ದಾರೆ: ಆಡಳಿತದ್ದು ಒಂದು, ಪಠ್ಯ ಸಂಶೋಧನೆಯಂಥ ಪರಿಣತಿಯದ್ದು ಒಂದು, ಪಾಠದಲ್ಲೇ ಉಳಿದು ಮೇಲೆ ಹೋಗುವುದು ಇನ್ನೊಂದು. ಪಾಠದ ದಾರಿಯಲ್ಲಿ ಮೇಲೆ ಹೋದವರ ಕೆಲಸವೇ ಉಳಿದ ಟೀಚರ್‌ಗಳಿಗೆ ಹೇಳಿಕೊಡುವುದು. ಹೆಡ್‌ಮೇಷ್ಟ್ರು ಹೇಳಿದ ಬಿಳಿ ಹಾಳೆ ಹಿಡಿದುಕೊಂಡು ಹೋಗುವವರು ಅಂಥವರೇ ಆಗಬೇಕು, ಅದಕ್ಕೆ ಸಂಬಳವೂ ಇರಬೇಕು.

ಈಗಿನ ಹೆಡ್:

ಎಲ್ಲ ಓದಿದೆ. ನಾನು ಒಂದು ಸಣ್ಣ ಸರ್ಕಾರಿ ಶಾಲೆಯ ಮುಖ್ಯ ಶಿಕ್ಷಕಿ. ಸಂಬಳದ ಏಣಿ ನನ್ನ ಕೈಲಿಲ್ಲ, ಟೊಲೆಡೊದ ಹಾಗೆ ಯಾರನ್ನೂ ತರಗತಿಯಿಂದ ಬಿಡಿಸಲೂ ಆಗಲ್ಲ. ನನ್ನ ಕೈಲಿ ಇರುವುದು ಟೈಮ್‌ಟೇಬಲ್ ಒಂದೇ. ಹೊಸಬರಿಗೆ ವಾರಕ್ಕೆ ಕೆಲವು ಪೀರಿಯಡ್ ಕಮ್ಮಿ ಮಾಡಿದರೆ ಹಳಬರ ತಲೆ ಮೇಲೆ ಬೀಳುತ್ತದೆ, ಅವರು ಸಿಟ್ಟಾಗುತ್ತಾರೆ. ಇದನ್ನು ಹೇಗೆ ಮಾಡಲಿ?

ನಿವೃತ್ತ ಹೆಡ್‌ಮೇಷ್ಟ್ರು:

ಮೇಡಂ, ಮೊದಲು ಪೀರಿಯಡ್ ಮುಟ್ಟಬೇಡಿ. ಕಷ್ಟದ ವಿಭಾಗ ಹಂಚುವ ರೀತಿ ಬದಲಿಸಿ. ಆ ವಿಭಾಗ ಒಬ್ಬ ಹಿರಿಯರಿಗೆ ಕೊಡಿ, ಅದಕ್ಕೆ ಬದಲಾಗಿ ದಾಖಲೆ ಬರೆಯುವುದು, ವರದಿ ಕಳಿಸುವುದು ಇಂಥ ಕೆಲಸ ಅವರ ಮೇಲಿಂದ ಇಳಿಸಿ. ಎಷ್ಟೋ ಹಿರಿಯರು ಈ ಬದಲಿಗೆ ಖುಷಿಯಿಂದ ಒಪ್ಪುತ್ತಾರೆ, ಯಾಕೆಂದರೆ ಅವರಿಗೂ ಬೇಸರ ತಂದಿರುವುದು ಆ ಕಾಗದಗಳೇ. ಎರಡನೆಯದು, ಹೊಸಬರೂ ಒಬ್ಬ ಅನುಭವಿಯೂ ಒಂದೇ ಹೊತ್ತಿಗೆ ಬಿಡುವಾಗಿರುವ ಹಾಗೆ ವಾರಕ್ಕೆ ಒಂದು ಪೀರಿಯಡ್ ಹೊಂದಿಸಿ. ಸ್ಟಾಫ್ ರೂಮಿನಲ್ಲಿ ಅಕ್ಕಪಕ್ಕ ಕೂತು ಮಕ್ಕಳ ನೋಟ್ ಪುಸ್ತಕ ನೋಡಲಿ. ಆ ಪೀರಿಯಡ್‌ಗೆ ಬೇರೆ ಕೆಲಸ ಹಚ್ಚಬೇಡಿ, ಅದನ್ನು ಕಾಯುವುದು ನಿಮ್ಮ ಜವಾಬ್ದಾರಿ.

ಈಗಿನ ಹೆಡ್:

ಕಾಗದ ಕೆಲಸದ ಬದಲಿ ಮಾಡಬಹುದು, ಎಷ್ಟೋ ವರದಿ ಒಂದೇ ವಿಷಯವನ್ನು ಮತ್ತೆ ಮತ್ತೆ ಕೇಳುತ್ತವೆ. ಒಂದೇ ಸಲ ಬರೆದಿಟ್ಟು ಅದನ್ನೇ ಕಳಿಸುವ ಹಾಗೆ ನಾನೇ ಒಂದು ಫೈಲ್ ಮಾಡುತ್ತೇನೆ. ನಮ್ಮಲ್ಲಿ ಇಬ್ಬರು ಹೊಸಬರಿದ್ದಾರೆ, ಒಬ್ಬರು ಗಣಿತ. ಅವರ ಜೊತೆ ಕೂರಲು ಗಣಿತದ ಹಿರಿಯರೇ ನಮ್ಮಲ್ಲಿ ಇಲ್ಲ.

ಕಪ್ಪುಹಲಗೆ:

ಪಕ್ಕದ ಶಾಲೆಯಲ್ಲಿ ಇರಬಹುದು, ಅಲ್ಲಿನ ಹೆಡ್ ಜೊತೆ ಮಾತಾಡಿ. ಎರಡೂ ಶಾಲೆಯಲ್ಲಿ ಗಣಿತದ ಬಿಡುವು ಒಂದೇ ದಿನ, ಕೊನೇ ಪೀರಿಯಡ್‌ಗೆ ಬರುವ ಹಾಗೆ ಇಡಿ, ಆಗ ಒಬ್ಬರು ಇನ್ನೊಂದು ಶಾಲೆಗೆ ಹೋಗಿಬರಬಹುದು. ಹೋಗಿಬರುವ ಖರ್ಚು ಮತ್ತು ಆ ಹಿರಿಯರಿಗೆ ಕೊಡಬೇಕಾದ ಭತ್ಯೆಯನ್ನು ಬರವಣಿಗೆಯಲ್ಲಿ ಮೇಲಿನವರಿಗೆ ಕೇಳಿ. ಕೊಡದಿದ್ದರೂ ಕೇಳಿದ್ದು ದಾಖಲೆಯಲ್ಲಿರಲಿ, ಮುಂದಿನ ಸಲ ಸಂಘದವರು ಸಂಬಳದ ಮಾತಿಗೆ ಕೂತಾಗ ತೋರಿಸಲು ಬೇಕಾಗುತ್ತದೆ.

ಮೂರನೇ ವರ್ಷ:

ಈಗಿನ ಹೆಡ್ ಮೇಡಂ, ಇದರ ಜೊತೆ ಒಂದು ವಿನಂತಿ. ಆ ವಾರದ ಪೀರಿಯಡ್‌ನಲ್ಲಿ ಏನು ಮಾತಾಡಿದೆವು ಅನ್ನುವುದು ನಮ್ಮ ಸೇವಾ ದಾಖಲೆಗೆ ಹೋಗದ ಹಾಗೆ ನೋಡಿಕೊಳ್ಳಿ. ಇಲ್ಲದಿದ್ದರೆ ಯಾವ ಹೊಸಬರೂ "ನನಗೆ ಇದು ಹೇಳಿಕೊಡಲು ಬರುತ್ತಿಲ್ಲ" ಅಂತ ಬಾಯಿಬಿಟ್ಟು ಹೇಳಲ್ಲ.